ಓದುಗರ ಕಾನೂನು ಪ್ರಶ್ನೆಗಳು: ವಕೀಲರಿಲ್ಲದೆ ರಕ್ಷಣಾ ಆದೇಶಕ್ಕೆ ಅರ್ಜಿ

ಪ್ರಶ್ನೆ: ಮಾನ್ಯರೇ, ನನ್ನ ತವರುಮನೆ ಎಣ್ಮಕಜೆ ಪಂಚಾಯತಿನಲ್ಲಿದೆ. ಮದುವೆ ಮಾಡಿಕೊಟ್ಟದ್ದು ಗಡಿಯಾಚೆ, ಬಂಟ್ವಾಳ ತಾಲೂಕಿಗೆ. ಒಂಬತ್ತು ವರ್ಷ ಹೊಡೆತ, ಬೈಗುಳ ಸಹಿಸಿಕೊಂಡು ಬಾಳಿದೆ. ಕಳೆದ ನಾಲ್ಕು ತಿಂಗಳಿಂದ ಆರು ವರ್ಷದ ಮಗಳೊಂದಿಗೆ ತಾಯಿಯ ಬಳಿ ಇದ್ದೇನೆ. ನನ್ನ 14 ಪವನ್ ಬಂಗಾರ ಗಂಡನ ಮನೆಯಲ್ಲೇ ಇದೆ. ಈಗ ಅವರು ಕುಡಿದು ಬೈಕಿನಲ್ಲಿ ಬಂದು ನಮ್ಮ ಅಂಗಳದಲ್ಲಿ ಬೊಬ್ಬೆ ಹಾಕುತ್ತಾರೆ, ಮಗಳನ್ನು ಶಾಲೆಯಿಂದಲೇ ಎತ್ತಿಕೊಂಡು ಹೋಗುತ್ತೇನೆ ಎಂದು ಬೆದರಿಸುತ್ತಾರೆ. ಬೀಡಿ ಕಟ್ಟಿ ಸಿಗುವ ಹಣದಲ್ಲಿ ವಕೀಲರಿಗೆ ಕೊಡಲು ನನ್ನಿಂದಾಗದು. ವಕೀಲರಿಲ್ಲದೆ ಕೋರ್ಟಿಗೆ ಹೋಗುವಂತಿಲ್ಲ, ಹೋಗುವುದಾದರೂ ಬಂಟ್ವಾಳದಲ್ಲೇ ಕೇಸು ಹಾಕಬೇಕು ಎಂದು ಊರಿನವರು ಹೇಳುತ್ತಾರೆ. ನನಗೆ ಮಲಯಾಳ ಓದಲು ಬರುವುದಿಲ್ಲ. ನಾನೇ ಅರ್ಜಿ ಕೊಡಬಹುದೇ? ಕೊಡುವುದಾದರೆ ಏನು ಬರೆಯಬೇಕು?
– ಓದುಗರೊಬ್ಬರು, ಪೆರ್ಲ

ಉತ್ತರ: ಸಹೋದರಿ, ನೀವೇ ಅರ್ಜಿ ಕೊಡಬಹುದು. ಊರಿನವರು ಹೇಳಿದ ಎರಡು ಮಾತುಗಳೂ ಸರಿಯಲ್ಲ. ಅವರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಿರಲಾರರು, ಆದರೆ ಇಂಥ ಮಾತುಗಳನ್ನು ನಂಬಿ ವರ್ಷಗಟ್ಟಲೆ ಸುಮ್ಮನೆ ಕುಳಿತ ಹೆಣ್ಣುಮಕ್ಕಳು ನಮ್ಮ ಗಡಿನಾಡಿನಲ್ಲಿ ಬಹಳ ಮಂದಿ ಇದ್ದಾರೆ ಎಂಬುದು ನನಗೆ ಗೊತ್ತಿರುವುದರಿಂದ, ನಿಮ್ಮ ಪತ್ರಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಇಂದು ರಾತ್ರಿಯೇ ಅವರು ಮತ್ತೆ ಅಂಗಳಕ್ಕೆ ಬಂದರೆ ಅರ್ಜಿ, ಆದೇಶಗಳಿಗಾಗಿ ಕಾಯಬೇಡಿ. 112ಕ್ಕೆ ಕರೆ ಮಾಡಿ ಪೊಲೀಸರನ್ನು ಕರೆಸಿ. ಮಹಿಳೆಯರ ಸಹಾಯವಾಣಿ 181 ಹಗಲು ರಾತ್ರಿ ತೆರೆದಿರುತ್ತದೆ.

ನಿಮಗೆ ಬೇಕಾದ ಕಾನೂನು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ. ಇದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದರ 12ನೇ ಕಲಮಿನ ಪ್ರಕಾರ ಹಿಂಸೆಗೊಳಗಾದ ಮಹಿಳೆ ತಾನೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಅವಳ ಪರವಾಗಿ ರಕ್ಷಣಾಧಿಕಾರಿಯೂ ಸಲ್ಲಿಸಬಹುದು, ಬೇರೆ ಯಾರಾದರೂ ಸಲ್ಲಿಸಬಹುದು. ವಕೀಲರ ಮೂಲಕವೇ ಬರಬೇಕೆಂದು ಕಾಯಿದೆಯ ಯಾವ ಕಲಮೂ ಹೇಳುವುದಿಲ್ಲ. ರಕ್ಷಣಾಧಿಕಾರಿ ಎಂದರೆ ಈ ಕಾಯಿದೆಗಾಗಿಯೇ ಸರಕಾರ ನೇಮಿಸಿದ ಅಧಿಕಾರಿ. ಕೇರಳದಲ್ಲಿ ಅವರು ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿರುತ್ತಾರೆ. ಕಚೇರಿ ಎಲ್ಲಿದೆ ಎಂದು ನಿಮ್ಮ ಅಂಗನವಾಡಿ ಟೀಚರಲ್ಲಿ ಕೇಳಿದರೆ ಸಾಕು, ಅವರೂ ಅದೇ ಇಲಾಖೆಯವರು. ಅರ್ಜಿಯ ನಮೂನೆಯನ್ನು ನಿಮಗೆ ಉಚಿತವಾಗಿ ಕೊಡುವುದು, ನೀವು ಹೇಳಿದ್ದನ್ನು ಕೌಟುಂಬಿಕ ಘಟನಾ ವರದಿಯಾಗಿ ಬರೆದುಕೊಳ್ಳುವುದು, ನೀವು ಬಯಸಿದರೆ ಅರ್ಜಿ ಸಿದ್ಧಪಡಿಸಲು ನೆರವಾಗುವುದು ಅವರ ಕರ್ತವ್ಯ. ಒಂದು ವೇಳೆ ಆ ಕಚೇರಿಗೆ ಹೋಗದೆ ನೀವೇ ನೇರವಾಗಿ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರೂ, ಘಟನಾ ವರದಿ ಜೊತೆಗಿಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಿದ್ದರೂ ಮೊದಲ ಬಾರಿ ಹೋಗುವವರು ರಕ್ಷಣಾಧಿಕಾರಿಯ ಮೂಲಕವೇ ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಎದುರುದಾರರಿಗೆ, ಅಂದರೆ ನಿಮ್ಮ ಗಂಡನಿಗೆ, ನೋಟೀಸು ಮುಟ್ಟಿಸುವ ಜವಾಬ್ದಾರಿಯನ್ನೂ ಕಾಯಿದೆ ಅವರ ಮೇಲೆಯೇ ಹೊರಿಸಿದೆ.

ಇನ್ನು ಯಾವ ಊರಿನ ಕೋರ್ಟು ಎಂಬ ಪ್ರಶ್ನೆ. ಕಾಯಿದೆಯ 27ನೇ ಕಲಮು ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿದೆ. ಮಹಿಳೆ ಕಾಯಂ ಆಗಿ ಅಥವಾ ತಾತ್ಕಾಲಿಕವಾಗಿ ವಾಸಿಸುವ ಸ್ಥಳದ, ಇಲ್ಲವೇ ಅವಳು ಕೆಲಸ ಮಾಡುವ ಸ್ಥಳದ ಪ್ರಥಮ ದರ್ಜೆ ಜುಡೀಶಿಯಲ್ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ನಾಲ್ಕು ತಿಂಗಳಿಂದ ನೀವು ತಾಯಿಯ ಮನೆಯಲ್ಲಿದ್ದೀರಿ, ಅಷ್ಟು ಸಾಕು. ಆದ್ದರಿಂದ ಬಂಟ್ವಾಳಕ್ಕೆ ಅಲೆಯದೆ ಕಾಸರಗೋಡಿನಲ್ಲೇ ಅರ್ಜಿ ಸಲ್ಲಿಸಬಹುದು. ನಿಮ್ಮ ಪ್ರದೇಶದ ಪೊಲೀಸ್ ಠಾಣೆ ಅಲ್ಲಿನ ಯಾವ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಸೇರಿದೆ ಎಂದು ಠಾಣೆಯಲ್ಲೇ ಕೇಳಿ ತಿಳಿದುಕೊಳ್ಳಿ. ಕಾಸರಗೋಡಿನಲ್ಲಿ ಹೊರಡಿಸಿದ ಆದೇಶ ಗಡಿ ದಾಟಿದರೆ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಈ ಕಾಯಿದೆಯಡಿ ಕೊಟ್ಟ ಆದೇಶ ಭಾರತದಾದ್ಯಂತ ಜಾರಿಯಾಗುತ್ತದೆ ಎಂದು ಅದೇ ಕಲಮಿನಲ್ಲಿ ಬರೆದಿದೆ.

ಭಾಷೆಯ ವಿಷಯದಲ್ಲಿ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಹಾಗಾಗಿ ರಕ್ಷಣಾಧಿಕಾರಿಗೆ ಕೊಡುವ ನಿಮ್ಮ ಹೇಳಿಕೆಯನ್ನು ಧೈರ್ಯವಾಗಿ ಕನ್ನಡದಲ್ಲಿ, ನಿಮ್ಮದೇ ಕೈಬರಹದಲ್ಲಿ ಬರೆದುಕೊಂಡು ಹೋಗಿ. ನ್ಯಾಯಾಲಯದ ಕಾಗದಪತ್ರಗಳು ಮಾತ್ರ ಇಂಗ್ಲಿಷ್ ಇಲ್ಲವೇ ಮಲಯಾಳದಲ್ಲಿ ಸಿದ್ಧವಾಗುವುದು ವಾಡಿಕೆ. ಅಲ್ಲಿ ಒಂದು ಎಚ್ಚರ ಬಹಳ ಅಗತ್ಯ: ನಿಮಗೆ ಓದಲು ಬಾರದ ಯಾವ ಹಾಳೆಗೂ, ಅದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಸಾಲು ಸಾಲಾಗಿ ಓದಿ ಹೇಳುವವರೆಗೆ ಸಹಿ ಹಾಕಬೇಡಿ. ಹೊತ್ತಾಯಿತು, ಎಲ್ಲ ಸರಿಯಾಗಿಯೇ ಇದೆ, ಇಲ್ಲೊಂದು ಸಹಿ ಹಾಕಿ ಎಂದರೂ ಹಾಕಬೇಡಿ. ನೀವು ಹೇಳದ ಒಂದು ಮಾತು ಅದರೊಳಗೆ ಸೇರಿಕೊಂಡಿದ್ದರೆ, ಆರು ತಿಂಗಳ ನಂತರ ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಅದನ್ನೇ ಹಿಡಿದುಕೊಂಡು ನಿಮ್ಮನ್ನು ಸುಳ್ಳುಗಾರ್ತಿ ಎನ್ನುತ್ತಾರೆ. ಓದು ಬಾರದವರಿಗೆ ಅರ್ಜಿಯನ್ನು ಓದಿ ವಿವರಿಸಬೇಕೆಂದು ಕೌಟುಂಬಿಕ ಹಿಂಸೆ ಕಾಯಿದೆಯ 2006ರ ನಿಯಮಗಳು ರಕ್ಷಣಾಧಿಕಾರಿಗೆ ವಿಧಿಸಿವೆ. ಮಲಯಾಳ ಲಿಪಿಯ ಮುಂದೆ ಕನ್ನಡ ಮಾತ್ರ ಓದಬಲ್ಲವರೂ ಅದೇ ಸ್ಥಿತಿಯಲ್ಲಿರುತ್ತಾರೆ, ಆದ್ದರಿಂದ ಓದಿ ಹೇಳಿ ಎಂದು ಕೇಳಲು ನಾಚಿಕೆಪಡಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅರ್ಜಿಗೆ ನಿಯಮಗಳಲ್ಲಿ ಎರಡನೇ ನಮೂನೆ ಎಂಬುದಿದೆ. ತುರ್ತಾಗಿ ಮಧ್ಯಂತರ ಆದೇಶ, ಅಂದರೆ ಅರ್ಜಿ ಮುಗಿಯುವವರೆಗಿನ ತಾತ್ಕಾಲಿಕ ಆದೇಶ, ಬೇಕಾದರೆ ಅದರೊಂದಿಗೆ ಮೂರನೇ ನಮೂನೆಯ ಅಫಿಡವಿಟ್ಟು, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ, ಕೊಡಬೇಕು. ವಕೀಲರಿಲ್ಲದ ಅರ್ಜಿಯ ಬಲವೆಲ್ಲ ಇರುವುದು ಈ ಹೇಳಿಕೆಯಲ್ಲಿ. ಅನೇಕರು ‘ಮದುವೆಯಾದಂದಿನಿಂದಲೂ ಪತಿಯು ನನಗೆ ದೈಹಿಕ ಹಾಗೂ ಮಾನಸಿಕ ಹಿಂಸೆ ನೀಡುತ್ತ ಬಂದಿರುತ್ತಾರೆ’ ಎಂಬ ಒಂದು ವಾಕ್ಯ ಬರೆದು ನಿಲ್ಲಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಅದನ್ನು ಓದಿದ ಮ್ಯಾಜಿಸ್ಟ್ರೇಟರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘ಕಳೆದ ಬಿಸು ಹಬ್ಬದ ಮರುದಿನ ರಾತ್ರಿ ಸುಮಾರು ಒಂಬತ್ತು ಗಂಟೆಗೆ, ಬಂಗಾರ ಅಡವಿಡಲು ನಾನು ಒಪ್ಪದ ಕಾರಣಕ್ಕೆ, ಅಡುಗೆಮನೆಯ ಬಾಗಿಲ ಬಳಿ ನನ್ನ ಎಡಗೈ ತಿರುಚಿ ಗೋಡೆಗೆ ತಳ್ಳಿದರು. ಬಳೆ ಒಡೆದು ಮುಂಗೈಗೆ ಗಾಯವಾಯಿತು. ನೆರೆಮನೆಯ ಅಕ್ಕ ಬಂದು ಬಿಡಿಸಿದರು. ಮರುದಿನ ಸರಕಾರಿ ಆಸ್ಪತ್ರೆಗೆ ಹೋಗಿ ಮದ್ದು ಹಾಕಿಸಿಕೊಂಡೆ, ಅದರ ಒ.ಪಿ. ಚೀಟಿ ಲಗತ್ತಿಸಿದ್ದೇನೆ.’ ಇಂಥ ನಾಲ್ಕು ಘಟನೆಗಳು ನಲವತ್ತು ಪುಟಗಳ ದೂರಿಗಿಂತ ಹೆಚ್ಚು ತೂಗುತ್ತವೆ. ತೀರ ಇತ್ತೀಚಿನದನ್ನು ಮೊದಲು ಬರೆಯಿರಿ. ಅಂಗಳದಲ್ಲಿ ನಿಂತು ಅವರು ಆಡಿದ ಮಾತುಗಳನ್ನು, ಅವು ಎಷ್ಟೇ ಅಸಹ್ಯವಾಗಿದ್ದರೂ, ಆಡಿದ ಹಾಗೆಯೇ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಮಗಳನ್ನು ಶಾಲೆಗೆ ಸೇರಿಸಿದ ವಾರ, ಆಟಿ ತಿಂಗಳಲ್ಲಿ, ಅಡಿಕೆ ಕೊಯ್ಲಿನ ಹೊತ್ತಿಗೆ ಎಂದು ನಿಮಗೆ ನೆನಪಿರುವ ಗುರುತನ್ನೇ ಕೊಡಿ.

ಹೊಡೆತ ಮಾತ್ರ ಹಿಂಸೆಯೆಂದು ತಿಳಿಯಬೇಡಿ. ಬೈದು ಅವಮಾನಿಸುವುದು, ಬೆದರಿಸುವುದು, ಲೈಂಗಿಕ ಬಲಾತ್ಕಾರ, ಮನೆಖರ್ಚಿಗೆ ಹಣ ಕೊಡದಿರುವುದು, ನಿಮ್ಮ ಬಂಗಾರವನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು ಎಲ್ಲವೂ 3ನೇ ಕಲಮಿನ ವ್ಯಾಖ್ಯೆಯೊಳಗೆ ಬರುತ್ತವೆ.

ನಡೆದದ್ದನ್ನು ಹೇಳಿದಷ್ಟೇ ಸ್ಪಷ್ಟವಾಗಿ ನಿಮಗೆ ಬೇಕಾದದ್ದನ್ನೂ ಕೇಳಬೇಕು. ‘ನ್ಯಾಯ ದೊರಕಿಸಿಕೊಡಬೇಕು’ ಎಂದರೆ ಸಾಲದು. 18ನೇ ಕಲಮಿನಡಿ ರಕ್ಷಣಾ ಆದೇಶ ಕೇಳುವಾಗ, ಅವರು ನಿಮ್ಮ ತಾಯಿಯ ಮನೆಯ ಅಂಗಳಕ್ಕೆ ಬರಬಾರದು, ಮಗಳ ಶಾಲೆಯ ಆವರಣ ಪ್ರವೇಶಿಸಬಾರದು, ಫೋನು, ವಾಟ್ಸಾಪ್ ಅಥವಾ ಬೇರೆಯವರ ಮುಖಾಂತರ ನಿಮ್ಮನ್ನು ಸಂಪರ್ಕಿಸಬಾರದು, ನಿಮ್ಮ ತಾಯಿಗೆ ತೊಂದರೆ ಕೊಡಬಾರದು ಎಂದು ಒಂದೊಂದನ್ನೂ ಬಿಡಿಯಾಗಿ, ಮನೆಯ ಹಾಗೂ ಶಾಲೆಯ ಹೆಸರು ಬರೆದು ಕೇಳಿ. 19ನೇ ಕಲಮಿನಡಿ ಬಂಗಾರವನ್ನು ಹಿಂದಿರುಗಿಸಲು ಕೇಳಬಹುದು. 14 ಪವನ್ ಎಂದು ಒಟ್ಟಾಗಿ ಬರೆಯದೆ, ಸರ ಎಷ್ಟು, ಬಳೆ ಎಷ್ಟು, ಕಿವಿಯದು ಎಷ್ಟು ಎಂದು ಪಟ್ಟಿ ಮಾಡಿ, ಅವು ಮೈಮೇಲಿರುವ ಮದುವೆಯ ಫೋಟೊ ಇಡಿ. ಜೀವನಾಂಶ 20ನೇ ಕಲಮಿನಡಿ, ಮಗಳನ್ನು ತಾತ್ಕಾಲಿಕವಾಗಿ ನಿಮ್ಮ ವಶದಲ್ಲಿರಿಸುವುದು 21ರಡಿ, ಪರಿಹಾರ 22ರಡಿ ಬರುತ್ತದೆ. ಜೀವನಾಂಶ ಕೇಳುವವರು ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ಟನ್ನೂ ಸಲ್ಲಿಸಬೇಕೆಂದು 2020ರ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಅದು ನಿಮ್ಮ ಗಂಡನಿಗೂ ಅನ್ವಯಿಸುತ್ತದೆ. ನಿಮ್ಮ ಬೀಡಿಯ ಸಂಪಾದನೆಯನ್ನು ಮುಚ್ಚಿಡಬೇಡಿ. ಸಣ್ಣ ಸಂಪಾದನೆ ಇದೆ ಎಂಬ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಮುಚ್ಚಿಟ್ಟದ್ದು ಹೊರಬಿದ್ದರೆ ನಿಮ್ಮ ಉಳಿದ ಮಾತುಗಳ ಮೇಲಿನ ನಂಬಿಕೆ ಹೋಗುತ್ತದೆ.

ಅರ್ಜಿ ಕೈಸೇರಿದ ಮೇಲೆ ಮೊದಲ ವಾಯ್ದೆಯನ್ನು ಸಾಮಾನ್ಯವಾಗಿ ಮೂರು ದಿನಗಳೊಳಗೆ ಇಡಬೇಕು, ಅಲ್ಲಿಂದ 60 ದಿನಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯಿದೆ ಹೇಳುತ್ತದೆ. ಆ ಗಡುವಿನೊಳಗೆ ಮುಗಿದ ಅರ್ಜಿಗಳನ್ನು ನಾನು ಕಂಡದ್ದು ಕಡಿಮೆ. ಆದ್ದರಿಂದಲೇ 23ನೇ ಕಲಮಿನ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು. ಅಪಾಯ ಕಣ್ಣಮುಂದಿದೆ ಎಂದು ಅಫಿಡವಿಟ್ಟಿನಿಂದ ಮನವರಿಕೆಯಾದರೆ, ಎದುರುದಾರರು ಬರುವುದಕ್ಕೆ ಮೊದಲೇ ಏಕಪಕ್ಷೀಯವಾಗಿ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ನಿಮ್ಮ ಹೆಸರು ಕೂಗಿದಾಗ ಎದ್ದು ನಿಂತು, ‘ಅವರು ಮನೆಗೆ ಬಂದು ಬೆದರಿಸುತ್ತಿದ್ದಾರೆ, ಮಗುವಿನ ಭಯವಿದೆ, ಇಂದೇ ಮಧ್ಯಂತರ ಆದೇಶ ಬೇಕೆಂದು ಅಫಿಡವಿಟ್ಟು ಕೊಟ್ಟಿದ್ದೇನೆ’ ಎಂದು ಹೇಳಿದರೆ ಸಾಕು. ಬೇರೆಯವರೆದುರು ಹೇಳಲು ಸಂಕೋಚವಾಗುವ ವಿಷಯವಿದ್ದರೆ ಮುಚ್ಚಿದ ಕೊಠಡಿಯಲ್ಲಿ ವಿಚಾರಣೆ ನಡೆಸುವಂತೆ ಕೇಳಿಕೊಳ್ಳಬಹುದು.

ವಕೀಲರಿಲ್ಲದೆ ಆರಂಭಿಸಬಹುದು ಎಂದೆನೇ ಹೊರತು ಕೊನೆಯವರೆಗೂ ಒಬ್ಬರೇ ಹೋರಾಡಿ ಎಂದು ನಾನು ಹೇಳುತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಂತೆ ಯಾವುದೇ ಮಹಿಳೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಲು ಅರ್ಹಳು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಇಲ್ಲವೇ ತಾಲೂಕು ಸಮಿತಿಗೆ ಒಂದು ಪುಟದ ಮನವಿ ಕೊಟ್ಟರೆ ಆಯಿತು; 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಕನ್ನಡ ಬಲ್ಲ ವಕೀಲರೇ ಬೇಕೆಂದು ಮನವಿಯಲ್ಲಿ ಬರೆಯಿರಿ. ಸಾಕ್ಷಿ ವಿಚಾರಣೆ, ಪಾಟೀಸವಾಲುಗಳ ಹಂತಕ್ಕೆ ಬರುವಾಗ ನಿಮ್ಮ ಪಕ್ಕದಲ್ಲಿ ಒಬ್ಬರು ವಕೀಲರಿರಲೇಬೇಕು ಎಂಬುದು ನನ್ನ ದೃಢವಾದ ಸಲಹೆ. ಮೊದಲ ಅರ್ಜಿಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅವರು ತಿದ್ದುಪಡಿಗೆ ಕೇಳಿಕೊಳ್ಳುತ್ತಾರೆ, ಅದಕ್ಕೆ ಅವಕಾಶವಿದೆ.

ಗುರಿಕಾರರ ಮುಂದೆ ಪಂಚಾತಿಕೆ ಮಾಡೋಣ, ಅದರ ನಂತರ ಕೋರ್ಟು ನೋಡೋಣ ಎಂಬ ಸಲಹೆಯೂ ನಿಮಗೆ ಬಂದಿರಬಹುದು. ಹಿರಿಯರ ಮೇಲೆ ಗೌರವವಿರಲಿ, ಆದರೆ ಪಂಚಾತಿಕೆಯಲ್ಲಿ ಕೊಟ್ಟ ಮಾತನ್ನು ಮುರಿದರೆ ಪೊಲೀಸರು ಬಂದು ಹಿಡಿಯುವುದಿಲ್ಲ, ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶ ಮುರಿದರೆ ಹಿಡಿಯಬಹುದು. ಮಾತುಕತೆ ಬೇಕಿದ್ದರೆ ಆದೇಶ ಕೈಯಲ್ಲಿರುವಾಗ ನಡೆಯಲಿ.

ಪ್ರಶ್ನೆ: ನನಗೆ 68 ವರ್ಷ, ಗಂಡ ತೀರಿಕೊಂಡಿದ್ದಾರೆ. ಮನೆ ನನ್ನ ಹೆಸರಿನಲ್ಲಿದೆ. ಜೊತೆಗಿರುವ ಮಗ ಕುಡಿಯಲು ಹಣ ಕೇಳಿ ಕೈಮಾಡುತ್ತಾನೆ. ಸೊಸೆಯೂ ಅವನ ಪರ. ಮಗನನ್ನು ಜೈಲಿಗೆ ಕಳುಹಿಸುವ ಮನಸ್ಸಿಲ್ಲ. ಈ ಕಾನೂನು ಹೆಂಡತಿಯರಿಗೆ ಮಾತ್ರವೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಅಮ್ಮಾ, ಒಂದೇ ಮನೆಯಲ್ಲಿ ಬಾಳುವ ತಾಯಿ, ಅಕ್ಕ, ತಂಗಿ, ಮಗಳು ಎಲ್ಲರಿಗೂ ಈ ಕಾಯಿದೆ ಅನ್ವಯಿಸುತ್ತದೆ. ಮೇಲೆ ಹೇಳಿದ ದಾರಿಯಲ್ಲೇ ರಕ್ಷಣಾಧಿಕಾರಿಯ ಮೂಲಕ ಅರ್ಜಿ ಕೊಟ್ಟು, ಮಗ ಕೈಮಾಡಬಾರದೆಂದು ಆದೇಶ ಕೇಳಬಹುದು. ಮನೆಯಿಂದ ಹೊರಹೋಗುವಂತೆ ಅವನಿಗೆ ಆದೇಶಿಸಬೇಕೆಂದೂ 19ನೇ ಕಲಮಿನಡಿ ಕೇಳಬಹುದು. ಮಹಿಳೆಯನ್ನು ಹಾಗೆ ಹೊರಗೆ ಕಳುಹಿಸಲು ಆ ಕಲಮಿನಲ್ಲಿ ಅವಕಾಶವಿಲ್ಲವಾದ್ದರಿಂದ ಸೊಸೆಯ ವಿರುದ್ಧ ಅದನ್ನು ಕೇಳಬೇಡಿ. ಈ ಅರ್ಜಿ ಕೊಟ್ಟ ಮಾತ್ರಕ್ಕೆ ಮಗ ಜೈಲಿಗೆ ಹೋಗುವುದಿಲ್ಲ. ಆದೇಶವನ್ನು ಮುರಿದರೆ ಮಾತ್ರ ಆ ಪ್ರಶ್ನೆ ಬರುತ್ತದೆ, ಮುರಿಯುವುದೂ ಬಿಡುವುದೂ ಅವನ ಕೈಯಲ್ಲಿದೆ.

60 ವರ್ಷ ದಾಟಿದ ನಿಮಗೆ ಇನ್ನೊಂದು ದಾರಿಯೂ ಇದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯಡಿ, ಕಂದಾಯ ವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಜೀವನಾಂಶಕ್ಕಾಗಿ ನೀವೇ ಅರ್ಜಿ ಬರೆದು ಕೊಡಬಹುದು. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡುವಂತೆ ಯಾರಾದರೂ ಒತ್ತಾಯಿಸುತ್ತಿದ್ದರೆ ದಯವಿಟ್ಟು ಈಗ ಸಹಿ ಹಾಕಬೇಡಿ.

ಪ್ರಶ್ನೆ: ಕಳೆದ ವರ್ಷ ನನಗೆ ರಕ್ಷಣಾ ಆದೇಶ ಸಿಕ್ಕಿದೆ. ಆದರೂ ಗಂಡ ಬೇರೆ ಬೇರೆ ನಂಬರುಗಳಿಂದ ಫೋನ್ ಮಾಡುತ್ತಾರೆ, ನನ್ನ ಹೊಲಿಗೆ ಅಂಗಡಿಯ ಎದುರು ರಸ್ತೆಬದಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಠಾಣೆಗೆ ಹೋದರೆ, ಕೋರ್ಟಿನ ವಿಷಯ, ಅಲ್ಲೇ ಹೋಗಿ ಹೇಳಿ ಎನ್ನುತ್ತಾರೆ. ಒಂದು ವರ್ಷ ಕಳೆದರೆ ಆದೇಶ ರದ್ದಾಗುತ್ತದೆಯೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಆದೇಶ ತಾನಾಗಿ ರದ್ದಾಗುವುದಿಲ್ಲ. ಅದು ಇನ್ನು ಬೇಡವೆಂದು ನೀವೇ ಅರ್ಜಿ ಕೊಡುವವರೆಗೆ ರಕ್ಷಣಾ ಆದೇಶ ಜಾರಿಯಲ್ಲಿರುತ್ತದೆ ಎಂದು 25ನೇ ಕಲಮು ಹೇಳುತ್ತದೆ. ಅದನ್ನು ಮುರಿಯುವುದು 31ನೇ ಕಲಮಿನಂತೆ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 32ನೇ ಕಲಮಿನಂತೆ ಅದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ಆದ್ದರಿಂದ ಕೋರ್ಟಿಗೆ ಹೋಗಿ ಎಂದು ನಿಮ್ಮನ್ನು ಹಿಂದಕ್ಕೆ ಕಳುಹಿಸಿದ್ದು ಸರಿಯಲ್ಲ.

ಮತ್ತೆ ಠಾಣೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ: ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿದು, ಕನ್ನಡ ಬಲ್ಲವರೊಬ್ಬರಿಂದ ಅದರ ಕೊನೆಯ ಭಾಗವನ್ನು ಪದಶಃ ಓದಿಸಿ ಕೇಳಿಕೊಳ್ಳಿ. ಯಾವ ರೀತಿಯಲ್ಲೂ ಸಂಪರ್ಕಿಸಬಾರದು ಎಂದಿದ್ದರೆ ಪ್ರತಿಯೊಂದು ಫೋನ್ ಕರೆಯೂ ಉಲ್ಲಂಘನೆಯೇ. ಅಂಗಡಿಯ ಎದುರು ನಿಲ್ಲುವುದು ಉಲ್ಲಂಘನೆಯಾಗಬೇಕಾದರೆ ಅಂಗಡಿಯ ಅಥವಾ ನೀವು ಕೆಲಸ ಮಾಡುವ ಸ್ಥಳದ ಮಾತು ಆದೇಶದಲ್ಲಿರಬೇಕು. ಇಲ್ಲದಿದ್ದರೆ, ಪರಿಸ್ಥಿತಿ ಬದಲಾಗಿದೆ ಎಂದು ಕಾರಣ ಕೊಟ್ಟು ಆದೇಶವನ್ನು ಮಾರ್ಪಡಿಸುವಂತೆ ಅದೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

ಬಂದ ಕರೆಗಳ ದಿನ, ಹೊತ್ತು, ನಂಬರುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ, ಫೋನಿನ ಕರೆಪಟ್ಟಿಯನ್ನು ಅಳಿಸಬೇಡಿ. ಬೇರೆ ಸಾಕ್ಷಿ ಇಲ್ಲವೆಂದು ಹಿಂಜರಿಯಬೇಡಿ. ನಿಮ್ಮೊಬ್ಬರ ಸಾಕ್ಷ್ಯದ ಮೇಲೆಯೇ ಅಪರಾಧ ನಡೆದಿದೆ ಎಂಬ ತೀರ್ಮಾನಕ್ಕೆ ನ್ಯಾಯಾಲಯ ಬರಬಹುದು ಎಂದು 32ನೇ ಕಲಮು ಹೇಳುತ್ತದೆ. ಆಮೇಲೆ ದೂರನ್ನು ಬರೆದು, ಸಹಿ ಹಾಕಿ, ಆದೇಶದ ಪ್ರತಿಯೊಂದಿಗೆ ಠಾಣೆಗೆ ಕೊಟ್ಟು ರಸೀದಿ ಕೇಳಿ. ಆಗಲೂ ದಾಖಲಿಸಿಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಇನ್ನೊಂದು ಪ್ರತಿಯನ್ನು ರಕ್ಷಣಾಧಿಕಾರಿಗೆ ಕೊಡಿ. ಅದನ್ನು ಆದೇಶದ ಪ್ರತಿಯೊಂದಿಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸುವುದು ನಿಯಮದಂತೆ ಅವರ ಕೆಲಸ, ಠಾಣೆಯಲ್ಲಿ ದೂರು ದಾಖಲಿಸಲು ನಿಮ್ಮೊಂದಿಗೆ ನಿಲ್ಲುವುದೂ ಅವರ ಕೆಲಸವೇ. ಮುಂದಿನ ಸಲ ಠಾಣೆಗೆ ಹೋಗುವಾಗ ಅವರಿಗೆ ಮೊದಲೇ ತಿಳಿಸಿ ಹೋಗಿ.